ಕಂಪ್ಯೂಟರಿನಲ್ಲಿ ಮಾರುತ್ ಕಟ್ಟುವವರಿಗೆ

ಫ್ಲೈಟ್ ಸಿಮ್ಯುಲೇಟರ್ ಹುಚ್ಚಿರುವವರಿಗೆ ಸ್ಪಿಟ್‌ಫೈರ್, ಮಸ್ಟಾಂಗ್, ಮಿಗ್-21 ಯಾವುದು ಬೇಕೆಂದರೂ ಒಂದಲ್ಲ ನಾಲ್ಕು ಬಗೆಯಲ್ಲಿ ಸಿಗುತ್ತವೆ. ಬೆಂಗಳೂರಿನಲ್ಲೇ ಹುಟ್ಟಿ, ಇಲ್ಲಿಯ ಆಕಾಶದಲ್ಲೇ ಹಾರಲು ಕಲಿತು, 1971ರ ಯುದ್ಧಕ್ಕೂ ಹೋಗಿಬಂದ ಎಚ್‌ಎಫ್-24 ಮಾರುತ್ ಬೇಕೆಂದರೆ ಮಾತ್ರ ಹುಡುಕಾಡಬೇಕು. ಮನಸ್ಸಿಗೆ ಒಪ್ಪುವಂಥದು ಬೇಕಿದ್ದರೆ ಕುಳಿತು ಕಟ್ಟುವುದೇ ದಾರಿ. ಬೇಕಾದ ಸಾಫ್ಟ್‌ವೇರ್‌ನ ಬಹುಪಾಲು ಉಚಿತ. ಖರ್ಚಾಗುವುದು ಸಮಯ: ಸಂಜೆಗಳಲ್ಲಿ, ರಜೆಗಳಲ್ಲಿ ಕೂತು ಮಾಡುವವರಿಗೆ ಇದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಒಳಗನ್ನೂ ಹೊರಗನ್ನೂ ಒಂದೇ ಶ್ರದ್ಧೆಯಿಂದ ಮಾಡಹೊರಟರೆ ವರ್ಷ ದಾಟುತ್ತದೆ.

ಕಟ್ಟುವ ಮೊದಲು ಈ ವಿಮಾನದ ಕಥೆ ತಿಳಿದಿರಬೇಕು, ಏಕೆಂದರೆ ಅದರ ಆಕಾರದಲ್ಲೂ ನಡತೆಯಲ್ಲೂ ಆ ಕಥೆ ಕೂತಿದೆ. ಎರಡನೇ ಮಹಾಯುದ್ಧದಲ್ಲಿ ಹೆಸರು ಮಾಡಿದ ಫೋಕೆ-ವುಲ್ಫ್ 190ರ ವಿನ್ಯಾಸಕ ಕುರ್ಟ್ ಟ್ಯಾಂಕ್ ಯುದ್ಧಾನಂತರ ಅರ್ಜೆಂಟೀನಾಕ್ಕೆ ಹೋದರು. ಅಲ್ಲಿಂದ 1956ರಲ್ಲಿ ತಮ್ಮ ತಂಡದೊಂದಿಗೆ ಬೆಂಗಳೂರಿನ ಎಚ್‌ಎಎಲ್‌ಗೆ ಬಂದರು. ವಾಯುಪಡೆ ಕೇಳಿದ್ದು ಶಬ್ದದ ಎರಡು ಪಟ್ಟು ವೇಗದ ಹತ್ತಿರ ಹೋಗಬಲ್ಲ ಯುದ್ಧವಿಮಾನ. ಟ್ಯಾಂಕ್ ಅದಕ್ಕೆ ತಕ್ಕ ಮೈಕಟ್ಟನ್ನೇ ಬರೆದರು: ಹಿಂದಕ್ಕೆ ಬಾಗಿದ ರೆಕ್ಕೆ, ರೆಕ್ಕೆ ಸೇರುವಲ್ಲಿ ಸಣ್ಣಗಾದ ನಡು, ಅಕ್ಕಪಕ್ಕದಲ್ಲಿ ಎರಡು ಎಂಜಿನ್. ಅವರ ಲೆಕ್ಕದಲ್ಲಿದ್ದದ್ದು ಆಫ್ಟರ್‌ಬರ್ನರ್ ಇರುವ ಆರ್ಫಿಯಸ್ ಬಿಒಆರ್ 12 ಎಂಜಿನ್, ತಲಾ 8,170 ಪೌಂಡ್ ನೂಕುಬಲದ್ದು. ಆ ಎಂಜಿನ್‌ನ ಯೋಜನೆಗೆ ಬ್ರಿಟನ್ನಿನಲ್ಲಿ ಹಣ ನಿಂತಿತು. ಕೊನೆಗೆ ಕೈಗೆ ಸಿಕ್ಕಿದ್ದು ಆಫ್ಟರ್‌ಬರ್ನರ್ ಇಲ್ಲದ, ತಲಾ 4,850 ಪೌಂಡಿನ ಆರ್ಫಿಯಸ್ 703. ವಿಂಗ್ ಕಮಾಂಡರ್ ಸುರಂಜನ್ ದಾಸ್ 1961ರ ಜೂನ್ 17ರಂದು ಮೊದಲ ಮಾದರಿಯನ್ನು ಹಾರಿಸಿದರು. 1967ರಲ್ಲಿ 10ನೇ ಸ್ಕ್ವಾಡ್ರನ್‌ಗೆ ಮಾರುತ್ ಬಂತು. ಎಲ್ಲ ಸೇರಿ ತಯಾರಾದದ್ದು 147. ಶಬ್ದದ ವೇಗವನ್ನು ಅದು ಬಲು ಎತ್ತರದಲ್ಲಿ, ಕಷ್ಟಪಟ್ಟು, ಒಂದಿಷ್ಟೇ ದಾಟುತ್ತಿತ್ತು.

ಹಾಗಾಗಿ ಮಾರುತ್ ಕಟ್ಟುವವರು ಮೊದಲ ದಿನವೇ ಒಂದು ನಿರ್ಧಾರ ಮಾಡಿಕೊಳ್ಳಬೇಕು. ಅದು ಹೇಗಿತ್ತೋ ಹಾಗೆಯೇ ಕಟ್ಟಬೇಕು. ಹೇಗಿರಬೇಕಿತ್ತು ಎಂಬ ಆಸೆಯನ್ನು ಅದಕ್ಕೆ ಬೆರೆಸಬಾರದು. ಅಭಿಮಾನದಿಂದ ಎಂಜಿನ್‌ಗೆ ಹತ್ತು ಶೇಕಡಾ ಬಲ ಕೂಡಿಸುವುದು ಸುಲಭ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಆಗ ನಿಮ್ಮ ಬಳಿ ಇರುವುದು ಮಾರುತ್ ಆಕಾರದ ಇನ್ನೊಂದು ಆಟಿಕೆ. ಒಳ್ಳೆಯ ಮೈಗೆ ಸಾಲದ ಎಂಜಿನ್ ಎಂಬುದೇ ಈ ವಿಮಾನದ ಗುರುತು. ಹಾರಿಸುವವನ ಕೈಗೆ ಅದು ತಾಗಬೇಕು.

ಒಂದೇ ವಿಮಾನ, ಒಂದೇ ವರ್ಷ

‘ಮಾರುತ್’ ಎಂಬ ಒಂದು ವಿಮಾನ ಇರಲಿಲ್ಲ. ಮೊದಲ ಮಾದರಿಗಳು ಬೇರೆ, ಸ್ಕ್ವಾಡ್ರನ್ ಸೇರಿದ ಮಾರ್ಕ್ 1 ಬೇರೆ, 1970ರಲ್ಲಿ ಮೊದಲು ಹಾರಿದ ಎರಡು ಸೀಟಿನ ತರಬೇತಿ ವಿಮಾನ ಮಾರ್ಕ್ 1ಟಿ ಬೇರೆ. ಮಾರ್ಕ್ 1ರ ಹೊಟ್ಟೆಯಲ್ಲಿ 68 ಮಿಲಿಮೀಟರಿನ 50 ರಾಕೆಟ್‌ಗಳ, ಮಾತ್ರಾ ಕಂಪನಿಯ ಪೆಟ್ಟಿಗೆ ಇರುತ್ತಿತ್ತು, ಹೊರಕ್ಕಿಳಿದು ಹಾರಿಸಿ ಒಳಸೇರುವಂಥದು. ಎರಡನೇ ಸೀಟಿಗೆ ಜಾಗ ಬೇಕಾದಾಗ ಆ ಪೆಟ್ಟಿಗೆ ಹೋಯಿತು. ಒಂದರ ಚಿತ್ರ ನೋಡಿ ಇನ್ನೊಂದನ್ನು ಕಟ್ಟಿದರೆ ಬಲ್ಲವರು ಮೊದಲ ನೋಟಕ್ಕೇ ಹಿಡಿಯುತ್ತಾರೆ. ಆದ್ದರಿಂದ ಬಾಲದ ಮೇಲಿನ ಒಂದು ಸಂಖ್ಯೆಯನ್ನೂ ಒಂದು ವರ್ಷವನ್ನೂ ಆರಿಸಿಕೊಳ್ಳಿ. 1971ರ ಡಿಸೆಂಬರಿನಲ್ಲಿ ಜೋಧಪುರ, ಉತ್ತರ್ಲಾಯಿಗಳಿಂದ ರಾಜಸ್ಥಾನದ ಗಡಿಯ ಮೇಲೆ ಹಾರಿದ 10 ಅಥವಾ 220ನೇ ಸ್ಕ್ವಾಡ್ರನ್ನಿನ ಮಾರ್ಕ್ 1 ಆದರೆ ಓದಲೂ ನೋಡಲೂ ಸಾಮಗ್ರಿ ಹೆಚ್ಚು. ಶುರುವಿಗೆ ನಾನು ಹೇಳುವುದು ಅದನ್ನೇ.

ಇನ್ನು ಸಿಮ್ಯುಲೇಟರ್ ಆಯ್ಕೆ. ಫ್ಲೈಟ್‌ಗಿಯರ್ ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ಅದರ ಒಳಗಿನ ಪ್ರತಿಯೊಂದು ಫೈಲನ್ನೂ ತೆರೆದು ಓದಬಹುದು, ಬೇರೆಯವರು ಮಾಡಿದ್ದನ್ನು ನೋಡಿ ಕಲಿಯಬಹುದು. ಎಕ್ಸ್-ಪ್ಲೇನ್ ಖರೀದಿಸಬೇಕು, ಆದರೆ ಅದರ ಜೊತೆಗೇ ಬರುವ ಪ್ಲೇನ್ ಮೇಕರ್‌ನಲ್ಲಿ ರೆಕ್ಕೆ, ಬಾಲ, ತೂಕದ ಅಳತೆ ತುಂಬಿದರೆ ಗಾಳಿಯ ಬಲಗಳನ್ನು ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ನೆಲದ ನೋಟ ಎಲ್ಲಕ್ಕಿಂತ ಚೆಂದ, ಆದರೆ ಗುಂಡು-ರಾಕೆಟ್‌ಗಳಿಗೆ ಅಲ್ಲಿ ಜಾಗವಿಲ್ಲ. ಡಿಸಿಎಸ್ ವರ್ಲ್ಡ್ ಯುದ್ಧಕ್ಕೆಂದೇ ಇರುವುದು. ಅಲ್ಲಿ ಪೂರ್ಣ ಪ್ರಮಾಣದ ವಿಮಾನ ಮಾಡಲು ಕಂಪನಿಯ ಪರವಾನಗಿ ಬೇಕು, ಒಬ್ಬಂಟಿ ಹವ್ಯಾಸಿಗೆ ಅದು ಮೊದಲ ಮೆಟ್ಟಿಲಲ್ಲ. ಹಾರಾಟದ ಗುಣವೇ ಮುಖ್ಯ ಎನ್ನುವವರು ಫ್ಲೈಟ್‌ಗಿಯರ್ ಅಥವಾ ಎಕ್ಸ್-ಪ್ಲೇನ್‌ನಿಂದ ಹೊರಡಲಿ.

ಟೇಪು ಹಿಡಿದು ಹೋಗಿ

ಸ್ಪಿಟ್‌ಫೈರ್ ಕಟ್ಟುವ ಮೈಸೂರಿನ ಹುಡುಗನಿಗಿಲ್ಲದ ಒಂದು ಭಾಗ್ಯ ಮಾರುತ್ ಕಟ್ಟುವವನಿಗಿದೆ. ಅಸಲಿ ವಿಮಾನ ಬಸ್ಸು ಹತ್ತಿ ಹೋಗಿ ನೋಡುವಷ್ಟು ಹತ್ತಿರದಲ್ಲಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದಿದೆ, ಹಳೆ ವಿಮಾನ ನಿಲ್ದಾಣದ ರಸ್ತೆಯ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ನಲ್ಲಿ ಇನ್ನೊಂದಿದೆ. ದೆಹಲಿಯ ಪಾಲಂನ ವಾಯುಪಡೆ ಸಂಗ್ರಹಾಲಯದಲ್ಲೂ ಉಂಟು. ಜರ್ಮನಿಯಲ್ಲಿರುವ ಕನ್ನಡಿಗರಿಗೆ ಮ್ಯೂನಿಕ್ ಬಳಿಯ ಶ್ಲೈಸ್‌ಹೈಮ್‌ನಲ್ಲಿ, ಡಾಯ್ಚ್ ಮ್ಯೂಸಿಯಂನ ವಿಮಾನ ವಿಭಾಗದಲ್ಲಿ ಸಿಗುತ್ತದೆ. ಟ್ಯಾಂಕ್ ತಮ್ಮ ದೇಶಕ್ಕೆ ಮರಳಿದ ಹಾಗೆ ಅವರ ವಿಮಾನವೂ ಹೋಗಿ ನಿಂತಿದೆ. ಕ್ಯಾಮೆರಾ, ಟೇಪು ಒಯ್ಯುವ ಮುನ್ನ ಅಲ್ಲಿಯ ನಿಯಮ ಕೇಳಿಕೊಳ್ಳಿ. ಕಾರಣ ಹೇಳಿ ನಾಲ್ಕು ಸಾಲಿನ ಪತ್ರ ಬರೆದು ಕೊಟ್ಟರೆ ಹಗ್ಗದ ಆಚೆ ಬಿಡಬಹುದು. ಬಿಡದಿದ್ದರೆ ವಾದ ಬೇಡ.

ಫೋಟೋ ತೆಗೆಯುವುದಕ್ಕೂ ಕ್ರಮವಿದೆ. ಹತ್ತಿರ ನಿಂತು ಮೊಬೈಲಿನ ಅಗಲ ಲೆನ್ಸಿನಲ್ಲಿ ತೆಗೆದರೆ ಮೂತಿ ಊದಿಕೊಂಡು ಬಾಲ ಸಣ್ಣದಾಗುತ್ತದೆ, ಆ ಚಿತ್ರದಿಂದ ಆಕಾರ ಎತ್ತಲಾಗದು. ಆದಷ್ಟು ದೂರ ಹೋಗಿ ಜೂಮ್ ಮಾಡಿ ಪಕ್ಕದಿಂದ, ಎದುರಿನಿಂದ, ಹಿಂದಿನಿಂದ ತೆಗೆಯಿರಿ. ಪ್ರತಿ ಚಿತ್ರದಲ್ಲೂ ಒಂದು ಮೀಟರಿನ ಗುರುತು ಹಾಕಿದ ಕೋಲು ಇರಲಿ. ಮೋಡ ಕವಿದ ದಿನ ಒಳ್ಳೆಯದು, ಬಿಸಿಲಿನಲ್ಲಿ ಲೋಹದ ಮೇಲಿನ ಹೊಳಪೂ ನೆರಳೂ ಸೇರಿ ಗೆರೆಗಳನ್ನು ನುಂಗುತ್ತವೆ. ಸುತ್ತಲೂ ನಡೆಯುತ್ತ ಒಂದರ ಮೇಲೊಂದು ಮುಕ್ಕಾಲು ಭಾಗ ಬರುವಂತೆ ನೂರಾರು ಚಿತ್ರ ತೆಗೆದರೆ ಮೆಶ್‌ರೂಮ್‌ನಂಥ ಉಚಿತ ತಂತ್ರಾಂಶ ಅವನ್ನೆಲ್ಲ ಹೊಲಿದು ಮೂರು ಆಯಾಮದ ಒಂದು ಒರಟು ರೂಪ ಕೊಡುತ್ತದೆ. ಅದನ್ನು ನೇರವಾಗಿ ಬಳಸಲು ಹೋಗಬೇಡಿ. ಅದು ಅಡಿಯಲ್ಲಿಟ್ಟು ಮೇಲೆ ಗೆರೆ ಎಳೆಯುವ ಅಚ್ಚು ಮಾತ್ರ.

ಸಂಗ್ರಹಾಲಯದ ವಿಮಾನವನ್ನು ಅರ್ಧ ನಂಬಿ, ಅರ್ಧ ಅನುಮಾನಿಸಿ. ಲೋಹದ ಆಕಾರ, ರಿವೆಟ್ಟಿನ ಸಾಲು, ಮುಚ್ಚಳಗಳ ಅಂಚು ಸುಳ್ಳು ಹೇಳುವುದಿಲ್ಲ. ಬಣ್ಣ ಹೇಳುತ್ತದೆ: ನಿವೃತ್ತಿಯ ಮೇಲೆ ಯಾರೋ ಹಚ್ಚಿದ ಪೇಂಟು, ಯಾರೋ ಬರೆದ ಸಂಖ್ಯೆ ಇರಬಹುದು. ಗಾಲಿಯೂ ಹೇಳುತ್ತದೆ. ದಶಕಗಳ ಕಾಲ ನಿಂತ ವಿಮಾನದ ಲ್ಯಾಂಡಿಂಗ್ ಗೇರ್‌ನ ಕಾಲೊಳಗಿನ ಒತ್ತಡ ಹೋಗಿ ಕಾಲು ಕುಗ್ಗಿರುತ್ತದೆ, ಟೈರು ಚಪ್ಪಟೆಯಾಗಿರುತ್ತದೆ. ಅದೇ ಎತ್ತರ ಹಿಡಿದು ಕಟ್ಟಿದರೆ ನಿಮ್ಮ ಮಾರುತ್ ರನ್‌ವೇ ಮೇಲೆ ಮಂಡಿಯೂರಿದಂತೆ ಕಾಣುತ್ತದೆ. ಸೇವೆಯಲ್ಲಿದ್ದಾಗಿನ ಹಳೆಯ ಫೋಟೋಗಳಲ್ಲಿ ನೆಲಕ್ಕೂ ಹೊಟ್ಟೆಗೂ ಇರುವ ಅಂತರ ನೋಡಿ ಸರಿಪಡಿಸಿ. ಗಾಲಿ ಇಳಿಸಿ ಹಾರುತ್ತಿರುವಾಗ ಕಾಲು ಪೂರ್ತಿ ಚಾಚಿರುತ್ತದೆ ಎಂಬುದನ್ನೂ ಅನಿಮೇಷನ್ ಮಾಡುವಾಗ ನೆನಪಿಡಿ.

ಮೂರು ದಿಕ್ಕಿನ ಹಳೆಯ ನಕ್ಷೆಗಳು ಪತ್ರಿಕೆಗಳಲ್ಲಿ, ಪುಸ್ತಕಗಳಲ್ಲಿ ಸಿಗುತ್ತವೆ. ಸ್ಕ್ಯಾನ್ ಆಗುವಾಗ ಕಾಗದ ಎಳೆದಿರುತ್ತದೆ, ಎಷ್ಟೋ ಸಲ ಬರೆದವರೇ ಅಂದಾಜಿಗೆ ಬರೆದಿರುತ್ತಾರೆ. ಮಾರ್ಕ್ 1ರ ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. ನಕ್ಷೆಯಲ್ಲಿ ಎರಡನ್ನೂ ಅಳೆದು ಭಾಗಿಸಿ, 1.76 ಬರಬೇಕು. ಬರದಿದ್ದರೆ ನಕ್ಷೆ ಎಳೆದಿದೆ, ಅಥವಾ ಮೂತಿಯ ಮುಂದಿನ ಪಿಟೊ ಕೊಳವೆಯನ್ನು ಸೇರಿಸುವುದರಲ್ಲಿ ಎಡವಟ್ಟಾಗಿದೆ. ಅಡ್ಡ ಕೊಯ್ತದ ಚಿತ್ರಗಳನ್ನಂತೂ ಕಣ್ಣು ಮುಚ್ಚಿ ನಂಬಬೇಡಿ. ನಡು ಸಣ್ಣಗಾಗುವ ಭಾಗ ಅಲ್ಲೇ ತಪ್ಪುವುದು.

ಮೈ, ಆಮೇಲೆ ಬಣ್ಣ

ಆಕಾರ ಕಟ್ಟಲು ಬ್ಲೆಂಡರ್ ಸಾಕು. ರೆಕ್ಕೆಯಿಂದಲೋ ಮೂತಿಯಿಂದಲೋ ಎಂಬ ಚರ್ಚೆ ಬೇಡ, ಒಡಲಿನಿಂದ ಶುರು ಮಾಡಿ. ಮಾರುತ್‌ನಲ್ಲಿ ಕಷ್ಟ ಇರುವುದೆಲ್ಲ ಅಲ್ಲೇ. ಎರಡೂ ಬದಿಯ ಅರ್ಧವೃತ್ತದ ಗಾಳಿಬಾಯಿ, ಅದರೊಳಗಿನ ಅರ್ಧ ಶಂಕು, ಅಲ್ಲಿಂದ ಹಿಂದಕ್ಕೆ ಸರಿದು ನಡುವಿನಲ್ಲಿ ಒಳಸರಿಯುವ ಬದಿ, ಮತ್ತೆ ಎರಡು ಎಂಜಿನ್ನುಗಳಿಗಾಗಿ ಅಗಲವಾಗುವ ಹಿಂಭಾಗ. ಕಡಿಮೆ ಬಿಂದುಗಳಲ್ಲಿ ಕಟ್ಟಿ ತಂತ್ರಾಂಶದಿಂದ ನುಣುಪು ಮಾಡಿಸಿ. ಮೊದಲೇ ಸಾವಿರಾರು ಬಿಂದು ಹಾಕಿದರೆ ಮೈ ಮೇಲೆ ಉಬ್ಬುತಗ್ಗು ಬರುತ್ತದೆ, ಸರಿಪಡಿಸಲು ಹೋದಷ್ಟೂ ಹೆಚ್ಚುತ್ತದೆ. ಬ್ಲೆಂಡರಿನಲ್ಲಿ ಹೊಳೆಯುವ ಲೋಹದಂತೆ ತೋರಿಸುವ ಮ್ಯಾಟ್‌ಕ್ಯಾಪ್ ಹಾಕಿ ಮಾಡೆಲನ್ನು ನಿಧಾನವಾಗಿ ತಿರುಗಿಸಿ ನೋಡಿ. ಪ್ರತಿಬಿಂಬದ ಗೆರೆ ಎಲ್ಲಿ ಮುರಿಯುತ್ತದೋ ಅಲ್ಲಿ ಕೆಲಸ ಬಾಕಿ.

ರಿವೆಟ್, ಪ್ಯಾನೆಲ್ ಗೆರೆಗಳನ್ನು ಬಿಂದುಗಳಲ್ಲಿ ಕೆತ್ತುವ ಉತ್ಸಾಹ ಹೊಸಬರಲ್ಲಿ ಜಾಸ್ತಿ. ಬೇಡ. ಅವು ನಾರ್ಮಲ್ ಮ್ಯಾಪ್ ಎಂಬ ಚಿತ್ರದಲ್ಲಿ ಬರಲಿ, ಕಣ್ಣಿಗೆ ಅಷ್ಟೇ ಆಳ ಕಾಣುತ್ತದೆ, ಕಂಪ್ಯೂಟರಿಗೂ ಹೊರೆಯಾಗದು. ಬಿಂದುಗಳನ್ನು ಉಳಿಸಿಕೊಂಡು ಅಂಚಿನಲ್ಲಿ ಆಕಾರ ಎದ್ದು ಕಾಣುವಲ್ಲಿ ಖರ್ಚು ಮಾಡಿ: ಕ್ಯಾನೊಪಿಯ ಚೌಕಟ್ಟು, ಗಾಲಿ, ಮೂತಿಯ ನಾಲ್ಕು 30 ಮಿಲಿಮೀಟರ್ ಏಡನ್ ತೋಪುಗಳ ಬಾಯಿ, ಪೈಲಟ್ ಮುಖದ ಹತ್ತಿರವಿರುವ ಕಾಕ್‌ಪಿಟ್ಟಿನ ಗುಬುಟುಗಳು. ದೂರದಿಂದ ನೋಡುವಾಗ ತೋರಿಸಲು ಹಗುರಾದ ಎರಡು ಮೂರು ರೂಪಗಳನ್ನೂ ಮಾಡಿಡಿ.

ಬಣ್ಣ ಹಚ್ಚಲು ಮಾಡೆಲಿನ ಮೈಯನ್ನು ಚಪ್ಪಟೆಯಾಗಿ ಬಿಡಿಸಬೇಕು, ಯುವಿ ಎನ್ನುತ್ತಾರೆ. ದರ್ಜಿ ರವಿಕೆ ಕತ್ತರಿಸುವಾಗ ಹೊಲಿಗೆ ಎಲ್ಲಿ ಬಂದರೆ ಕಾಣುವುದಿಲ್ಲ ಎಂದು ಯೋಚಿಸುವ ಹಾಗೆ ಇಲ್ಲಿಯೂ ಸೀಳು ಹೊಟ್ಟೆಯ ಕೆಳಗೆ, ರೆಕ್ಕೆಯ ಬುಡದಲ್ಲಿ, ಅಸಲಿ ಪ್ಯಾನೆಲ್ ಗೆರೆಯ ಮೇಲೆ ಬೀಳಲಿ. 4096 ಚುಕ್ಕೆಗಳ ಚೌಕ ಹೊರಮೈಗೆ ಒಂದೆರಡು, ಕಾಕ್‌ಪಿಟ್ಟಿಗೆ ಒಂದೆರಡು ಸಾಕು. ಚಿತ್ರಕ್ಕೆ ಜಿಂಪ್ ಅಥವಾ ಕ್ರಿಟಾ, ಅಕ್ಷರ ಮತ್ತು ಚಕ್ರದ ಗುರುತಿಗೆ ಇಂಕ್‌ಸ್ಕೇಪ್. ಕೊಳೆಯನ್ನು ಮಿತವಾಗಿ ಹಚ್ಚಿ. ಸ್ಕ್ವಾಡ್ರನ್ನಿನಲ್ಲಿ ನಿತ್ಯ ಒರೆಸುವ ಕೈಗಳಿದ್ದವು. ತೋಪಿನ ಬಾಯಿಯ ಹೊಗೆ, ಗಾಲಿ ಗೂಡಿನ ಎಣ್ಣೆ, ಎಂಜಿನ್ ಬಾಯಿಯ ಸುಟ್ಟ ಲೋಹ ಇಷ್ಟು ಇದ್ದರೆ ವಿಮಾನ ಕೆಲಸದ್ದು ಅನಿಸುತ್ತದೆ. ಅದಕ್ಕಿಂತ ಹೆಚ್ಚಾದರೆ ಗುಜರಿಯದು ಅನಿಸುತ್ತದೆ. ಇನ್ನು ಹಿಂದೆ ಕೆಂಪು ಜ್ವಾಲೆ ಹಾಕುವ ಆಸೆ ಬಿಟ್ಟುಬಿಡಿ. ಮಾರ್ಕ್ 1ಕ್ಕೆ ಆಫ್ಟರ್‌ಬರ್ನರ್ ಇರಲಿಲ್ಲ.

ಎಂಜಿನ್ ಹಾಕುವ ಮೊದಲು ಹಾರಿಸಿ

ಟ್ಯಾಂಕ್ ತಂಡ ಒಂದು ಜಾಣ ಕೆಲಸ ಮಾಡಿತ್ತು. ಜೆಟ್ ಸಿದ್ಧವಾಗುವ ಮೊದಲು ಅದೇ ಆಕಾರದ, ಅದೇ ಗಾತ್ರದ ಮರದ ಗ್ಲೈಡರ್ ಒಂದನ್ನು ಕಟ್ಟಿ, ಡಕೋಟಾ ವಿಮಾನದ ಹಿಂದೆ ಕಟ್ಟಿ ಎಳೆಸಿ, 1959ರಿಂದ ಬೆಂಗಳೂರಿನ ಮೇಲೆ ಹಾರಿಸಿ ನೋಡಿತು. ಕಡಿಮೆ ವೇಗದಲ್ಲಿ ವಿಮಾನದ ನಡತೆ ಎಂಜಿನ್ನಿನ ಗದ್ದಲವಿಲ್ಲದೆ ಗೊತ್ತಾಯಿತು. ನೀವೂ ಹಾಗೇ ಮಾಡಿ. ಸಿಮ್ಯುಲೇಟರಿನಲ್ಲಿ ಎಂಜಿನ್ ಆರಿಸಿ, ಎತ್ತರದಿಂದ ಬಿಟ್ಟು, ತೇಲಿಸಿಕೊಂಡು ಇಳಿಸಿ. ಮೂತಿ ಎಷ್ಟು ಎತ್ತಿದರೆ ಎಷ್ಟು ವೇಗ ನಿಲ್ಲುತ್ತದೆ, ಯಾವ ವೇಗದಲ್ಲಿ ರೆಕ್ಕೆ ಕೈಬಿಡುತ್ತದೆ, ಫ್ಲಾಪ್ ಇಳಿಸಿದಾಗ ಮೂತಿ ಯಾವ ಕಡೆ ಹೋಗುತ್ತದೆ ಎಂಬುದೆಲ್ಲ ಇಲ್ಲೇ ಬಗೆಹರಿಯಲಿ. ಎಂಜಿನ್ ಹಾಕಿದ ಮೇಲೆ ತಪ್ಪು ಎಲ್ಲಿದೆಯೆಂದು ಹುಡುಕುವುದು ದುಪ್ಪಟ್ಟು ಕಷ್ಟ.

ಅಂಕಿಗಳು ಎಲ್ಲಿಂದ? ಗಾಳಿಸುರಂಗದ ವರದಿ ಸಿಗದವರಿಗೆ ನಾಸಾದ ಓಪನ್‌ವಿಎಸ್‌ಪಿ ಎಂಬ ಉಚಿತ ತಂತ್ರಾಂಶವಿದೆ. ಅದರಲ್ಲಿ ರೆಕ್ಕೆ-ಬಾಲ ಬರೆದರೆ ಎತ್ತುವ ಬಲ, ತಿರುಗುವ ಬಲಗಳ ಅಂದಾಜು ಕೊಡುತ್ತದೆ. ಅದನ್ನು ಫ್ಲೈಟ್‌ಗಿಯರ್‌ನಲ್ಲಿ ಹಾರಾಟದ ಲೆಕ್ಕ ಹಾಕುವ ಜೆಎಸ್‌ಬಿಸಿಮ್‌ಗೆ ಕೋಷ್ಟಕವಾಗಿ ತುಂಬಬಹುದು. ಒಂದು ಎಚ್ಚರಿಕೆ: ಬ್ಲೆಂಡರಿನಲ್ಲಿ ನೀವು ಮೀಟರಿನಲ್ಲಿ ಕೆಲಸ ಮಾಡಿರುತ್ತೀರಿ, ಜೆಎಸ್‌ಬಿಸಿಮ್ ಭಾಗಗಳ ಸ್ಥಾನವನ್ನು ಸಾಮಾನ್ಯವಾಗಿ ಇಂಚಿನಲ್ಲಿ, ಮೂತಿಯಿಂದ ಬಾಲದ ಕಡೆಗೆ ಎಣಿಸುತ್ತದೆ. ಗುರುತ್ವ ಕೇಂದ್ರ ಒಂದಿಷ್ಟು ತಪ್ಪಿದರೂ ವಿಮಾನ ಮೂತಿ ಎತ್ತಿ ನಿಂತುಬಿಡುತ್ತದೆ, ನೀವು ರೆಕ್ಕೆಯನ್ನು ಶಂಕಿಸುತ್ತ ಕೂರುತ್ತೀರಿ.

ಅಂದಾಜನ್ನು ಪ್ರಕಟವಾದ ಅಂಕಿಗೆ ಹೊಂದಿಸುವುದು ಈ ಕೆಲಸದ ಅತಿ ಸ್ವಾರಸ್ಯದ ಭಾಗ. ಮಾರ್ಕ್ 1ರ ರೆಕ್ಕೆ 28 ಚದರ ಮೀಟರ್, ಸಮುದ್ರಮಟ್ಟದಲ್ಲಿ ಗರಿಷ್ಠ ವೇಗ ಗಂಟೆಗೆ 1,112 ಕಿಲೋಮೀಟರ್, ಎರಡು ಎಂಜಿನ್ನಿನ ಒಟ್ಟು ನೂಕುಬಲ ಸುಮಾರು 43 ಕಿಲೋನ್ಯೂಟನ್. ಗರಿಷ್ಠ ವೇಗದಲ್ಲಿ ನೂಕುಬಲವೂ ಗಾಳಿಯ ಎಳೆತವೂ ಸರಿಸಮ. ಆ ವೇಗ ಅಂದರೆ ಸೆಕೆಂಡಿಗೆ 309 ಮೀಟರ್. ಅದರ ವರ್ಗಕ್ಕೆ ಗಾಳಿಯ ಸಾಂದ್ರತೆಯ ಅರ್ಧ ಮತ್ತು ರೆಕ್ಕೆಯ ವಿಸ್ತೀರ್ಣ ಗುಣಿಸಿದರೆ ಸುಮಾರು 1,636 ಕಿಲೋನ್ಯೂಟನ್ ಬರುತ್ತದೆ. 43ನ್ನು ಇದರಿಂದ ಭಾಗಿಸಿ: 0.026. ಓಡುವ ವೇಗದಲ್ಲಿ ಎಂಜಿನ್ನಿನ ಬಲ ನಿಂತಲ್ಲಿಯದಕ್ಕಿಂತ ತುಸು ಕಡಿಮೆ ಎಂದು ಹಿಡಿದರೆ 0.023, 0.024ರ ಸುತ್ತ. ಅಷ್ಟು ವೇಗದಲ್ಲಿ ನಿಮ್ಮ ಮಾಡೆಲಿನ ಎಳೆತದ ಗುಣಾಂಕ ಇದರ ಆಸುಪಾಸಿನಲ್ಲಿರಬೇಕು. 0.015 ಇದ್ದರೆ ನೀವು ಟ್ಯಾಂಕ್ ಕಂಡ ಕನಸನ್ನು ಕಟ್ಟಿದ್ದೀರಿ. ಅಲ್ಲಿಂದ ಮುಂದೆ ಶಬ್ದದ ವೇಗ ಹತ್ತಿರವಾದಂತೆ ಎಳೆತ ಕಡಿದಾಗಿ ಏರಬೇಕು, 12,000 ಮೀಟರ್ ಎತ್ತರದಲ್ಲಿ ವಿಮಾನ ಮ್ಯಾಕ್ 1.02ರಲ್ಲಿ ಸುಸ್ತಾಗಿ ನಿಲ್ಲುವ ತನಕ ಆ ಏರನ್ನು ತಿದ್ದುತ್ತಿರಿ.

ತೂಕದ ಕಡೆಯಿಂದಲೂ ನೋಡಿ. ಪೂರ್ತಿ ಹೊರೆ ಹೊತ್ತ ಮಾರುತ್ 10,908 ಕಿಲೋ. ನೂಕುಬಲ ಅದರ ಐದರಲ್ಲಿ ಎರಡು ಪಾಲು. ಎಚ್‌ಎಎಲ್ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 888 ಮೀಟರ್ ಮೇಲಿದೆ; 30 ಡಿಗ್ರಿ ಬಿಸಿಲಿನ ಮಧ್ಯಾಹ್ನ ಅಲ್ಲಿಯ ಗಾಳಿ ಸಮುದ್ರಮಟ್ಟದ ಮಾದರಿ ಗಾಳಿಗಿಂತ ಸುಮಾರು ಶೇ 14ರಷ್ಟು ತೆಳು. ರೆಕ್ಕೆಗೂ ನಷ್ಟ, ಎಂಜಿನ್ನಿಗೂ ನಷ್ಟ. ಏಪ್ರಿಲ್ ಮಧ್ಯಾಹ್ನ, ಪೂರ್ಣ ತೂಕ, ಎಚ್‌ಎಎಲ್ ರನ್‌ವೇ ಇಟ್ಟು ನೀವು ಒಂದು ಸಲ ಟೇಕಾಫ್ ಮಾಡಿ. ರನ್‌ವೇ ಮುಗಿಯುತ್ತ ಬಂದಂತೆ ಎದೆ ಹೊಡೆದುಕೊಂಡರೆ ಮಾಡೆಲ್ ದಾರಿಯಲ್ಲಿದೆ ಎಂದರ್ಥ.

ಇನ್ನೊಂದು ಪರೀಕ್ಷೆ ಒಂದೇ ಎಂಜಿನ್ನಿನದು. 1971ರಲ್ಲಿ ನೆಲದ ಗುಂಡಿಗೆ ಒಂದು ಎಂಜಿನ್ ಕಳೆದುಕೊಂಡ ಮಾರುತ್‌ಗಳು ಒಂದಕ್ಕಿಂತ ಹೆಚ್ಚು ಬಾರಿ ಉಳಿದೊಂದರ ಮೇಲೆ ನೆಲೆಗೆ ಮರಳಿದ್ದವು. ಎರಡೂ ಎಂಜಿನ್ ನಡುಗೆರೆಗೆ ಹತ್ತಿರ ಇರುವುದರಿಂದ ಒಂದು ನಿಂತರೆ ಮೂತಿ ಹೆಚ್ಚು ಓಲಬಾರದು. ಆದರೆ ಏರುವ ಶಕ್ತಿ ಎದ್ದು ಕಾಣುವಷ್ಟು ಕುಗ್ಗಬೇಕು. ಹಾಗೆಯೇ ನಾಲ್ಕೂ ತೋಪು ಒಟ್ಟಿಗೆ ಸಿಡಿದರೆ ವಿಮಾನ ನಡುಗುವ ತೊಂದರೆ ಸೇವೆಯಲ್ಲಿ ಕಾಡಿತ್ತು. ಟ್ರಿಗರ್ ಒತ್ತಿದಾಗ ಗನ್‌ಸೈಟ್ ಅಲುಗಾಡುವಂತೆ ಮಾಡುವುದು ನಾಲ್ಕು ಸಾಲಿನ ಸ್ಕ್ರಿಪ್ಟು. ಇಂಥ ಚಿಕ್ಕ ಕುಂದುಗಳಿಂದಲೇ ವಿಮಾನಕ್ಕೆ ಸ್ವಭಾವ ಬರುತ್ತದೆ.

ಧ್ವನಿಗೆ ಒಂದು ಅಡ್ಡದಾರಿ ಇದೆ. ಮಾರುತ್ ಸೇವೆಯಿಂದ ಹೋಗಿ ದಶಕಗಳಾದವು, ಸ್ವಚ್ಛ ರೆಕಾರ್ಡಿಂಗ್ ಅಪರೂಪ. ಆದರೆ ಆರ್ಫಿಯಸ್ ಕುಟುಂಬದ ಎಂಜಿನ್ ಕಿರಣ್ ಮಾರ್ಕ್ 2 ತರಬೇತಿ ವಿಮಾನದಲ್ಲೂ ಇತ್ತು, ವಾಯುಪಡೆಯ ಸೂರ್ಯಕಿರಣ್ ಪ್ರದರ್ಶನ ತಂಡ 2011ರ ತನಕ ಹಾರಿಸಿದ್ದು ಅದನ್ನೇ. ಯಲಹಂಕದ ಏರೋ ಇಂಡಿಯಾದಲ್ಲಿ ಜನ ತೆಗೆದಿಟ್ಟ ಹಳೆಯ ವಿಡಿಯೋಗಳಲ್ಲಿ ಆ ದನಿ ಕೇಳಬಹುದು. ಸ್ವಂತ ರೆಕಾರ್ಡಿಂಗ್ ಉಳ್ಳವರ ಒಪ್ಪಿಗೆ ಪಡೆದು ಆಡಾಸಿಟಿಯಲ್ಲಿ ಶುದ್ಧಗೊಳಿಸಿ, ಎರಡು ಪ್ರತಿ ಮಾಡಿ, ಒಂದರ ಶ್ರುತಿಯನ್ನು ಕೂದಲೆಳೆಯಷ್ಟು ತಗ್ಗಿಸಿ ಒಟ್ಟಿಗೆ ನುಡಿಸಿ. ಎರಡು ಎಂಜಿನ್ನಿನ ವಿಮಾನದಲ್ಲಿ ಕೇಳುವ ಆ ಏರಿಳಿಯುವ ಗುಂಯ್‌ಗುಡುವಿಕೆ ತಾನೇ ಹುಟ್ಟುತ್ತದೆ. ಥ್ರಾಟಲ್ ದೂಡಿದ ಕೂಡಲೇ ದನಿ ಏರದಂತೆ ನೋಡಿಕೊಳ್ಳಿ. ಆ ಕಾಲದ ಜೆಟ್‌ಗಳು ಒಂದಿಷ್ಟು ತಡೆದು ಓಗೊಡುತ್ತಿದ್ದವು.

ಮುಗಿಯಿತೆನಿಸಿದಾಗ ಬಲ್ಲವರಿಗೆ ತೋರಿಸಿ. ವಾಯುಪಡೆಯಿಂದ, ಎಚ್‌ಎಎಲ್‌ನಿಂದ ನಿವೃತ್ತರಾದವರು ಬೆಂಗಳೂರಿನ ಬಡಾವಣೆಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ‘ಸಾರ್, ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆಯಪ್ಪ’ ಎಂಬ ಉತ್ತರ ಬರುತ್ತದೆ, ಅದರಿಂದ ನಿಮಗೇನೂ ಸಿಗುವುದಿಲ್ಲ. ‘ಇಳಿಯುವಾಗ ಮೂತಿ ಅಡ್ಡ ಬಂದು ರನ್‌ವೇ ಎಷ್ಟು ಮರೆಯಾಗುತ್ತಿತ್ತು?’, ‘ಕ್ಯಾನೊಪಿ ಹಿಡಿಕೆ ಯಾವ ಕೈಗೆ ಸಿಗುತ್ತಿತ್ತು?’, ‘ನೆಲದ ಮೇಲೆ ಯಾವ ಮುಚ್ಚಳವನ್ನು ದಿನಾ ತೆರೆಯುತ್ತಿದ್ದಿರಿ?’ ಎಂದು ಕೇಳಿ. ಪೈಲಟ್ಟರಷ್ಟೇ ನೆಲದ ಮೆಕ್ಯಾನಿಕ್‌ಗಳೂ ಮುಖ್ಯ, ವಿಮಾನವನ್ನು ಕೈಯಿಂದ ಮುಟ್ಟಿದವರು ಅವರೇ.

ಹಂಚುವಾಗ ಯಾವ ಭಾಗ ಅಳತೆಯಿಂದ ಬಂತು, ಯಾವುದು ಅಂದಾಜು ಎಂದು ಜೊತೆಯ ಟಿಪ್ಪಣಿಯಲ್ಲಿ ಬರೆಯಿರಿ. ಮುಂದೆ ಯಾರಿಗಾದರೂ ಉತ್ತಮ ದಾಖಲೆ ಸಿಕ್ಕರೆ ಅವರು ಅಲ್ಲಿಂದ ತಿದ್ದಬಹುದು. ಫ್ಲೈಟ್‌ಗಿಯರ್‌ನ ಅಧಿಕೃತ ಸಂಗ್ರಹಕ್ಕೆ ಕೊಡುವುದಾದರೆ ಜಿಪಿಎಲ್ ಪರವಾನಗಿ ಬೇಕು, ಅಂದರೆ ಆ ಪರವಾನಗಿಗೆ ಹೊಂದದ ಬೇರೆಯವರ ಮಾಡೆಲಿನಿಂದ ಎತ್ತಿದ ಒಂದು ಗಾಲಿಯೂ ಅದರಲ್ಲಿ ಇರುವಂತಿಲ್ಲ. ಆಮೇಲೆ ಬೇಕಿದ್ದರೆ ಆಸೆ ತೀರಿಸಿಕೊಳ್ಳಿ: 8,170 ಪೌಂಡಿನ ಎರಡು ಎಂಜಿನ್ ಹಾಕಿ ಟ್ಯಾಂಕ್ ಬಯಸಿದ ಮಾರುತ್ ಹೇಗೆ ಹಾರುತ್ತಿತ್ತೋ ನೋಡಿ. ಮಾಡಲು ನನ್ನ ತಕರಾರಿಲ್ಲ. ಅದಕ್ಕೆ ಬೇರೆ ಫೋಲ್ಡರು, ಬೇರೆ ಹೆಸರು ಇರಲಿ.